ಹಳೆಯ ಕಟ್ಟಡದಲ್ಲಿ ಯಾರೂ ವಾಸವಾಗಿಲ್ಲ

ಸೋಮವಾರ ಬೆಳಗ್ಗೆ
ಔಷಧಿ ಅಂಗಡಿಯಿಂದ

ಸಚಿವನಾದ ತಮ್ಮನಿಗೆ ಅಕ್ಕನ ಆಶೀರ್ವಾದ.

ಈ ಪತ್ರವನ್ನು ಮನೆಗೆ ಕಳಿಸದೆ ಕಚೇರಿಗೆ ಕಳಿಸುತ್ತಿದ್ದೇನೆ. ಮನೆಗೆ ಬಂದ ಕಾಗದಗಳನ್ನು ನೀನು ಒಡೆಯುವುದೇ ಇಲ್ಲವೆಂದು ನಿನ್ನ ಹೆಂಡತಿ ಹೇಳಿದಳು. ಕಚೇರಿಗೆ ಬಂದವನ್ನೂ ನೀನು ಓದುವುದಿಲ್ಲ, ಆದರೆ ಅಲ್ಲಿ ಓದಿ ಹೇಳುವುದಕ್ಕೆ ಸಂಬಳದವರಿದ್ದಾರೆ. ಈಗ ಓದಿ ಹೇಳುತ್ತಿರುವವರೇ, ದಯವಿಟ್ಟು ಎಲ್ಲೂ ಹಾರಿಸಬೇಡಿ.

ಹೋದ ಮಂಗಳವಾರ ನೀನು ಸಂಸತ್ತಿಗೆ ಒಂದು ಲಿಖಿತ ಉತ್ತರ ಕೊಟ್ಟೆ. ಕೊಟ್ಟದ್ದು ನಿನಗೆ ನೆನಪಿರಲಾರದು. ಅಂದು ನಿನ್ನ ಹೆಸರಿನಲ್ಲಿ ಅಚ್ಚಾದ ಉತ್ತರಗಳು ಒಂದು ಸಣ್ಣ ಪುಸ್ತಕದಷ್ಟಿವೆ. ಹಾಗಾಗಿ ಇಲ್ಲಿ ನಕಲು ಮಾಡುತ್ತೇನೆ.

ಪ್ರಶ್ನೆ: (ಅ) ಇಲಾಖೆ ನಡೆಸುವ ವೃದ್ಧೆಯರ ನಿವಾಸದ ಹಳೆಯ ಕಟ್ಟಡದ ಚಾವಣಿ ಕುಸಿಯುವ ಸ್ಥಿತಿಯಲ್ಲಿರುವುದು ನಿಜವೇ; (ಆ) ಹಾಗಿದ್ದಲ್ಲಿ, ಅಲ್ಲಿ ವಾಸವಾಗಿರುವವರ ಸುರಕ್ಷತೆಗಾಗಿ ಕೈಗೊಂಡ ಕ್ರಮಗಳೇನು; (ಇ) ದುರಸ್ತಿ ಯಾವಾಗ ಪೂರ್ಣಗೊಳ್ಳುತ್ತದೆ?

ಉತ್ತರ: (ಅ) ಹಳೆಯ ಕಟ್ಟಡದಲ್ಲಿ ಯಾರೂ ವಾಸವಾಗಿಲ್ಲ. (ಆ) ಮತ್ತು (ಇ) ಪ್ರಶ್ನೆ ಉದ್ಭವಿಸುವುದಿಲ್ಲ.

ಚಾವಣಿಯ ಬಗ್ಗೆ ಕೇಳಿದರೆ ಜನರ ಬಗ್ಗೆ ಹೇಳಿದ್ದೀಯೆ. ಅದಿರಲಿ. ನೀನು ಇದನ್ನು ಓದಿ ಸಹಿ ಹಾಕಿದೆಯೋ, ಓದದೆ ಹಾಕಿದೆಯೋ ಎಂದು ನಾನು ಯೋಚಿಸುತ್ತಲೇ ಇದ್ದೇನೆ. ಓದಿ ಹಾಕಿದ್ದರೆ ನೀನು ಸುಳ್ಳುಗಾರ, ಓದದೆ ಹಾಕಿದ್ದರೆ ಒಂದು ಯಂತ್ರ. ಯಂತ್ರವಾದರೆ ಆಗಾಗ ಎಣ್ಣೆ ಬಿಟ್ಟರೆ ಸಾಕಲ್ಲ, ಕಾರು ಬಂಗಲೆ ಎಲ್ಲ ಯಾತಕ್ಕೆ ಎಂದು ನಿನ್ನ ಭಾವ ಕೇಳಿದರು. ಅವರು ಬಾಯಿ ಬಿಡುವುದೇ ಅಪರೂಪ, ಬಿಟ್ಟರೆ ಅದು ನಿನ್ನ ವಿಷಯಕ್ಕೆ.

ಆ ಕಟ್ಟಡದಲ್ಲೇ ನಮ್ಮ ಅತ್ತೆ ಇದ್ದಳು. ಕಾಗದ ಓದುತ್ತಿರುವವರಿಗೆ ತಿಳಿಯಲಿ ಎಂದು ಬರೆಯುತ್ತೇನೆ: ನಮ್ಮ ತಂದೆಯ ತಂಗಿ. ಅಪ್ಪ ಅಮ್ಮ ಹೋದ ಮೇಲೆ ಟೈಪಿಂಗ್ ಶಾಲೆ ನಡೆಸಿ ನಮ್ಮಿಬ್ಬರನ್ನೂ ಸಾಕಿದವಳು. ಮನೆಯಲ್ಲಿ ಏನು ಒಡೆದರೂ ನಿನ್ನ ಬಾಯಿಂದ ಮೊದಲು ಬರುತ್ತಿದ್ದ ಮಾತು "ನಾನಲ್ಲ" ಎಂಬುದು. ಅದಕ್ಕೇ ಅವಳು ನಿನ್ನನ್ನು "ನಾನಲ್ಲ" ಎಂದೇ ಕರೆಯುತ್ತಿದ್ದಳು. "ನಾನಲ್ಲ, ಊಟಕ್ಕೆ ಬಾರೋ" ಎಂದು ಬೀದಿಯ ತುದಿಯವರೆಗೆ ಕೇಳುವಂತೆ ಕೂಗುತ್ತಿದ್ದಳು. ನೀನು ಸಚಿವನಾದ ಸುದ್ದಿ ಬಂದಾಗ ಅವಳು ಅಂದದ್ದು ಇಷ್ಟು: "ಹೋಗಲಿ ಬಿಡು, ಅವನಿಗೆ ತಕ್ಕ ಕೆಲಸ ಕೊನೆಗೂ ಸಿಕ್ತು."

ಅವಳ ಜೊತೆ ಅದೇ ಕೋಣೆಯಲ್ಲಿ ಇನ್ನೊಬ್ಬರಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅತ್ತೆಯ ಬಾಯಲ್ಲಿ "ಎಕ್ಸ್‌ಚೇಂಜಮ್ಮ". ಈಗ ಅವರಿಗೆ ಕಣ್ಣು ಪೂರಾ ಹೋಗಿದೆ. ಬೆಳಗ್ಗೆ ಅತ್ತೆ ಪತ್ರಿಕೆ ಓದಿ ಹೇಳುತ್ತಿದ್ದಳು, ಅವರು ಪ್ರತಿ ಸುದ್ದಿಗೂ ತಪ್ಪದೆ ಬೈಯುತ್ತಿದ್ದರು. ಹಾಸಿಗೆಯಿಂದ ಕಿಟಕಿಗೆ, ಕಿಟಕಿಯಿಂದ ಬಚ್ಚಲಿಗೆ ಗೋಡೆ ಸವರಿಕೊಂಡು ಅವರು ಯಾರ ಸಹಾಯವೂ ಇಲ್ಲದೆ ಓಡಾಡುತ್ತಿದ್ದರು. ನಮ್ಮ ಮನೆಗೇ ಬಂದುಬಿಡು ಎಂದು ನಾನು ಅತ್ತೆಯನ್ನು ಎಷ್ಟು ಸಲ ಕರೆದಿಲ್ಲ? "ನಿನ್ನ ಮನೆ ಮೆಟ್ಟಿಲು ಎಕ್ಸ್‌ಚೇಂಜಿನ ಕೈಲಿ ಹತ್ತೋಕಾಗಲ್ಲ. ಅವಳನ್ನ ಬಿಟ್ಟು ನಾನೊಬ್ಬಳೇ ಬರೋಳಲ್ಲ" ಎನ್ನುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಕಳೆದ ತಿಂಗಳು ಚಾವಣಿಯ ಗಾರೆ ಕಳಚಿ ಎಕ್ಸ್‌ಚೇಂಜಮ್ಮನ ದಿಂಬಿನ ಮೇಲೆ ಬಿತ್ತು. ಅವರು ಆಗ ಬಚ್ಚಲಿನಲ್ಲಿದ್ದರು, ಅಷ್ಟೇ. ನಾನು ನಿನಗೆ ಫೋನು ಮಾಡಿದೆ. ನಿನ್ನ ಆಪ್ತ ಸಹಾಯಕ "ಗಮನಕ್ಕೆ ತರ್ತೀವಿ ಮೇಡಂ" ಎಂದ. ಮತ್ತೆ ಮಾಡಿದೆ. ತಂದಿದ್ದೇವೆ ಎಂದ. ಎಲ್ಲಿಗೆ ತಂದಿರಿ ಎಂದು ಕೇಳಿದ್ದಕ್ಕೆ ಲೈನ್ ಕಟ್ಟಾಯಿತು. ಆಮೇಲೆ ನಮ್ಮ ಕ್ಷೇತ್ರದ ಸದಸ್ಯರು ಎಂದಿನಂತೆ ಕೆಮ್ಮಿನ ಸಿರಪ್ಪಿಗೆ ಅಂಗಡಿಗೆ ಬಂದಾಗ ಅವರಿಗೆ ಹೇಳಿದೆ. ಅವರು ವಿರೋಧ ಪಕ್ಷದವರು. ಯಾರು ಏನು ಹೇಳಿದರೂ ಪ್ರಶ್ನೆಯಾಗಿ ಬರೆದು ಕೊಡುತ್ತಾರೆ, ಏಕೆಂದರೆ ಅತಿ ಹೆಚ್ಚು ಪ್ರಶ್ನೆ ಕೇಳಿದ ಸದಸ್ಯ ಯಾರೆಂದು ಪತ್ರಿಕೆಗಳು ವರ್ಷಕ್ಕೊಮ್ಮೆ ಬರೆಯುತ್ತವೆ. ಉತ್ತರ ಬಂದ ಮೇಲೆ, ಓದಿದಿರಾ ಎಂದು ಕೇಳಿದೆ. "ಅಯ್ಯೋ ಅಮ್ಮ, ಓದೋಕೆ ಅಂತ ಕೇಳಿದ್ದಲ್ಲ ಅದು" ಅಂದರು. ನಿಮ್ಮ ಸಂಸತ್ತಿನಲ್ಲಿ ಕೇಳುವವನಿಗೂ ಹೇಳುವವನಿಗೂ ಎಷ್ಟು ಚೆನ್ನಾಗಿ ಹೊಂದಿಕೆಯಾಗಿದೆ ನೋಡು.

ನಿನ್ನೆ ಭಾನುವಾರ ಅತ್ತೆಯ ಕಣ್ಣಿನ ಹನಿ ತೆಗೆದುಕೊಂಡು ನಿವಾಸಕ್ಕೆ ಹೋದೆ. ಹಳೆಯ ಕಟ್ಟಡಕ್ಕೆ ಬೀಗ. ಒಗೆದ ಬಟ್ಟೆಯ ಹಗ್ಗವನ್ನೂ ಬಿಚ್ಚಿದ್ದಾರೆ. ಮೇಲ್ವಿಚಾರಕಿಯನ್ನು ಕೇಳಿದೆ, ಇಲ್ಲಿದ್ದವರು ಎಲ್ಲಿ?

"ಇಲ್ಲಿ ಯಾರೂ ಇರಲಿಲ್ಲ" ಅಂದಳು.

ಹೋದ ಭಾನುವಾರ ನಾನು ಇದೇ ಕಟ್ಟೆಯ ಮೇಲೆ ಕೂತು ನಿಮ್ಮ ಜೊತೆಗೇ ಚಹಾ ಕುಡಿದೆನಲ್ಲ ಅಂದೆ.

"ದಾಖಲೆ ಪ್ರಕಾರ ಕುಡಿದಿಲ್ಲ ಮೇಡಂ" ಅಂದಳು. ತಮಾಷೆಗಲ್ಲ. ಹೇಳುತ್ತಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಉಳಿದದ್ದನ್ನು ಗೇಟಿನ ಹತ್ತಿರ ಅಡುಗೆಯಾಕೆ ಹೇಳಿದಳು. ಪ್ರಶ್ನೆ ಬಂದ ದಿನ ನಿನ್ನ ಇಲಾಖೆಯಿಂದ ಫೋನು ಬಂತಂತೆ, ಮೇಲ್ವಿಚಾರಕಿ ಊಟಕ್ಕೆ ಹೋಗಿದ್ದಳಂತೆ. "ಹಳೇ ಕಟ್ಟಡದಲ್ಲಿ ಯಾರಾದ್ರೂ ಇದಾರಾ ಅಂತ ಕೇಳಿದ್ರಮ್ಮ. ಕಿಟಕೀಲಿ ಬಗ್ಗಿ ನೋಡಿದೆ. ಎಲ್ರೂ ಅಂಗಳದಲ್ಲಿ ಬಿಸಿಲು ಕಾಯ್ತಾ ಕೂತಿದ್ರು. ಈಗ ಯಾರೂ ಇಲ್ಲ ಸ್ವಾಮಿ, ಕರೀಲಾ ಅನ್ನೋದ್ರೊಳಗೆ ಇಟ್ಟೇಬಿಟ್ರು." ಇದು ನಿನ್ನ ಸರ್ಕಾರ ಮಾಹಿತಿ ಸಂಗ್ರಹಿಸುವ ರೀತಿ.

ತಪ್ಪು ಯಾರಿಗೂ ಆಗಬಹುದು. ನಾನೂ ಮಾತ್ರೆ ಕೊಡುವಾಗ ತಪ್ಪಿದ್ದುಂಟು. ಗಿರಾಕಿಯ ಹಿಂದೆ ಬೀದಿಯಲ್ಲಿ ಓಡಿ ವಾಪಸ್ ತಂದಿದ್ದೇನೆ. ನಿಮ್ಮಲ್ಲಿ ಹಾಗೆ ಓಡುವುದಿಲ್ಲ. ಅಚ್ಚಾದ ಉತ್ತರ ನೋಡಿ ಮೇಲ್ವಿಚಾರಕಿ ಗಾಬರಿಯಾಗಿ ಇಲಾಖೆಗೆ ಫೋನು ಮಾಡಿದಳಂತೆ: ಸಾರ್, ಇಲ್ಲಿ ಒಂಬತ್ತು ಜನ ಇದ್ದಾರೆ. ಉತ್ತರ ತಿದ್ದಬೇಕೆಂದರೆ ಸಚಿವರು ಸದನದಲ್ಲಿ ಎದ್ದು ನಿಂತು, ನನ್ನ ಉತ್ತರ ತಪ್ಪಾಗಿತ್ತು ಎಂದು ಹೇಳಬೇಕು. ನಿನ್ನನ್ನು ಹಾಗೆ ನಿಲ್ಲಿಸುವ ಧೈರ್ಯ ಯಾರಿಗಿದೆ? ಅಲ್ಲಿದ್ದ ಅಧಿಕಾರಿ ಹೇಳಿದನಂತೆ, "ಸಚಿವರು ಸದನಕ್ಕೆ ಹೇಳಿದ್ಮೇಲೆ ಅದು ನಿಜ ಕಣಮ್ಮ. ನಿಜ ಆಗಿಲ್ಲದಿದ್ರೆ, ಮಾಡೋದು ನಿಮ್ಮ ಜವಾಬ್ದಾರಿ." ಮಧ್ಯಾಹ್ನ ಎರಡು ವ್ಯಾನು ಬಂದವು. ಸಂಜೆಯೊಳಗೆ ನಿನ್ನ ಉತ್ತರ ನಿಜವಾಯಿತು.

ಉತ್ತರ ತಿದ್ದುವ ಬದಲು ಮುದುಕಿಯರನ್ನು ತಿದ್ದಿದ್ದೀರಿ. ಎಲ್ಲೆಲ್ಲಿ ಒಂದೊಂದು ಮಂಚ ಖಾಲಿ ಇತ್ತೋ ಅಲ್ಲಲ್ಲಿ ಒಬ್ಬೊಬ್ಬರನ್ನು ಇಳಿಸಿದ್ದಾರೆ. ಅತ್ತೆ ಊರಾಚೆಯ ಹಳೆಯ ತರಬೇತಿ ಕೇಂದ್ರದ ಹಜಾರದಲ್ಲಿದ್ದಾಳೆ. ಅಡುಗೆಯಾಕೆಗೆ ಅದೊಂದು ಗೊತ್ತಿತ್ತು, ನಿನ್ನೆ ಸಂಜೆ ನೋಡಿ ಬಂದೆ. ನನ್ನನ್ನು ಕಂಡು ಅವಳು ಕೇಳಿದ ಮೊದಲ ಮಾತು: "ಎಕ್ಸ್‌ಚೇಂಜ್ ಎಲ್ಲಿ?" ಇಬ್ಬರ ಕೈಯನ್ನು ವ್ಯಾನಿನ ಬಾಗಿಲಲ್ಲಿ ಬಿಡಿಸಿದರಂತೆ. ಎರಡನೇ ವ್ಯಾನು ಎಲ್ಲಿಗೆ ಹೋಯಿತೆಂದು ಹೇಳುವವರಿಲ್ಲ. ಸ್ಥಳಾಂತರದ ಆದೇಶವಿಲ್ಲ, ಯಾರೂ ಇಲ್ಲದ ಕಟ್ಟಡದಿಂದ ಯಾರನ್ನು ಸ್ಥಳಾಂತರಿಸುವುದು? ಆದೇಶವಿಲ್ಲದ್ದರಿಂದ ವಾಪಸ್ ಕರೆತರುವ ಆದೇಶವೂ ಸಾಧ್ಯವಿಲ್ಲ ಎಂದು ಇವತ್ತು ಬೆಳಗ್ಗೆ ಫೋನು ಮಾಡಿದಾಗ ನಿನ್ನ ಕಚೇರಿಯಲ್ಲಿ ಯಾರೋ ನನಗೆ ಬಹಳ ತಾಳ್ಮೆಯಿಂದ ವಿವರಿಸಿದರು.

ಅಧಿವೇಶನ ಇನ್ನೂ ಮೂರು ವಾರ ಇದೆ. ಎದ್ದು ನಿಂತು ಒಂದು ಸಾಲು ಹೇಳು: ಅಲ್ಲಿ ಒಂಬತ್ತು ಜನ ಇದ್ದರು. ಆಮೇಲೆ ಅವರನ್ನು ಹುಡುಕುವುದು, ಹೊಸ ಕಟ್ಟಡದಲ್ಲಿ ಜಾಗ ಕೊಡುವುದು ಎಲ್ಲವೂ ತಾನಾಗಿ ಉದ್ಭವಿಸುತ್ತದೆ. ಅದಕ್ಕೂ ಮೊದಲು, ಆ ಕಣ್ಣಿಲ್ಲದ ಹೆಂಗಸು ಎಲ್ಲಿದ್ದಾರೆಂದು ನನಗೆ ಹೇಳು.

ಇಂತಿ ನಿನ್ನ
ಅಕ್ಕ

ಮರೆತಿದ್ದೆ: ಉತ್ತರವನ್ನು ನೀನೇ ಬರೆ. ನಿನ್ನ ಅಕ್ಷರ ನೋಡಿ ಬಹಳ ಕಾಲವಾಯಿತು, ಕೆಟ್ಟಿದೆಯೋ ಹಾಗೇ ಇದೆಯೋ ನೋಡೋಣ.

*

ಶುಕ್ರವಾರ
ಸಚಿವರ ಕಚೇರಿ

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ತಲುಪಿತು. ಅತ್ತೆಯ ಯೋಗಕ್ಷೇಮದ ಬಗ್ಗೆ ನನಗೂ ಅಷ್ಟೇ ಕಾಳಜಿ ಇದೆ. ಕೆಲವು ವಿಷಯಗಳನ್ನು ನೀನು ಹೊರಗಿನಿಂದ ನೋಡುತ್ತಿದ್ದೀಯೆ ಎಂದು ಮಾತ್ರ ಹೇಳಬಲ್ಲೆ.

ಸದರಿ ಉತ್ತರವನ್ನು ಆ ಸಮಯದಲ್ಲಿ ಲಭ್ಯವಿದ್ದ ಮಾಹಿತಿಯ ಆಧಾರದ ಮೇಲೆ ನೀಡಲಾಗಿದೆ. ಅತ್ತೆ ಯಾವ ಕಟ್ಟಡದಲ್ಲಿ ಇದ್ದಳೆಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ. ಎಷ್ಟೋ ಕೆಲಸದ ನಡುವೆ ಎಲ್ಲವೂ ನೆನಪಿರುವುದಿಲ್ಲ ಅಕ್ಕ. ಮುಂದಿನ ತಿಂಗಳು ಖಾತೆಗಳ ಬದಲಾವಣೆ ಇದೆ. ಈಗ ಎದ್ದು ನಿಂತು ಒಂದು ಸಾಲು ತಿದ್ದಿದರೆ ವಿರೋಧ ಪಕ್ಷದವರು ಹತ್ತು ಸಾಲು ಕೇಳುತ್ತಾರೆ. ನೀನು ಅಂಗಡಿ ನಡೆಸುವವಳು, ನಿನಗೆ ಇದು ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ.

ಅತ್ತೆಯ ಕೋಣೆಯ ಸಂಗಾತಿಯ ಬಗ್ಗೆ ಮಾಹಿತಿ ಸಂಗ್ರಹಿಸಲಾಗುತ್ತಿದೆ.

ಅತ್ತೆಗೆ ನನ್ನ ಕಡೆಯಿಂದ ಒಂದು ಬುಟ್ಟಿ ಹಣ್ಣು ಕಳಿಸಲು ಹೇಳಿದ್ದೇನೆ. ಅವಳಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ
ತಮ್ಮ

ಮತ್ತೆ: ನಿನ್ನ ಪತ್ರವನ್ನು ಕಡತಕ್ಕೆ ಸೇರಿಸಿಲ್ಲ. ನೀನೂ ಇದನ್ನು ಯಾರಿಗೂ ತೋರಿಸಬೇಡ.

*

ಬುಧವಾರ ಸಂಜೆ
ಔಷಧಿ ಅಂಗಡಿಯಿಂದ

ತಮ್ಮಾ,

ಪತ್ರವನ್ನು ಅತ್ತೆಗೆ ತೋರಿಸಿದೆ. ಅವಳು ಕನ್ನಡಕ ಏರಿಸಿ ಎರಡು ಸಲ ಓದಿದಳು. "ಸಾಲುಗಳ ಮಧ್ಯೆ ಜಾಗ ಸರಿಯಾಗಿ ಬಿಟ್ಟಿದಾರೆ. ಅದು ಬಿಟ್ರೆ ಇದರಲ್ಲಿ ಏನೂ ಇಲ್ಲ" ಎಂದು ಮಡಿಸಿ ಕೊಟ್ಟಳು. ನಿನ್ನ ಕೈಬರಹ ನೋಡುವ ಭಾಗ್ಯ ನನಗಿಲ್ಲ, ಟೈಪು ಮಾಡಿದವರಿಗೆ ಅವಳ ಮೆಚ್ಚುಗೆ ತಿಳಿಸು.

ಹಣ್ಣಿನ ಬುಟ್ಟಿಯ ಕಥೆ ಹೇಳುತ್ತೇನೆ. ಅದು ತರಬೇತಿ ಕೇಂದ್ರಕ್ಕೆ ಬರಲಿಲ್ಲ. ಶನಿವಾರ ನಿನ್ನ ಕಚೇರಿಯ ಜವಾನ ಅದನ್ನು ನಿವಾಸಕ್ಕೆ ಒಯ್ದು, ಬೀಗ ಹಾಕಿದ ಹಳೆಯ ಕಟ್ಟಡದ ಮುಂದೆ ನಿಂತು ಬಾಗಿಲು ತಟ್ಟುತ್ತಿದ್ದನಂತೆ. ಅಡುಗೆಯಾಕೆ, "ಯಾರಪ್ಪ ನೀನು, ಇಲ್ಲಿ ಯಾರೂ ಇಲ್ಲ ಅಂತ ನಿಮ್ಮ ಸಾಹೇಬ್ರೇ ಹೇಳಿದಾರಲ್ಲ" ಅಂದಳಂತೆ. ಅವನು ಬುಟ್ಟಿಗೆ ಕಟ್ಟಿದ್ದ ಚೀಟಿ ತೋರಿಸಿದ. ಅವಳು ಬುಟ್ಟಿಯನ್ನೇ ಅಂಗಡಿಗೆ ತಂದುಕೊಟ್ಟಳು. ಚೀಟಿಯಲ್ಲಿ ಅತ್ತೆಯ ಹೆಸರಿನ ಕೆಳಗೆ ಬರೆದಿದೆ: ಹಳೆಯ ಕಟ್ಟಡ, ಕೊನೆಯ ಕೋಣೆ.

ಟೈಪು ಮಾಡಿದ್ದಲ್ಲ. ಕೈಬರಹ. ಎಲ್ಲಿ ನೋಡಿದರೂ ಗುರುತು ಹಿಡಿಯಬಲ್ಲೆ. ಅಕ್ಷರ ಏನೂ ಕೆಟ್ಟಿಲ್ಲ.

ಕೊನೆಯ ಕೋಣೆ ಎಂದು ನಾನು ಎಲ್ಲೂ ಬರೆದಿರಲಿಲ್ಲ. ಹಾಗಾದರೆ ನಿನಗೆ ಮೊದಲೇ ಗೊತ್ತಿತ್ತು. ಅವಳು ಯಾವ ಕಟ್ಟಡದಲ್ಲಿದ್ದಾಳೆ, ಯಾವ ಕೋಣೆ ಎನ್ನುವುದೆಲ್ಲ ಗೊತ್ತಿದ್ದೇ "ಯಾರೂ ವಾಸವಾಗಿಲ್ಲ" ಎಂಬ ಸಾಲಿನ ಕೆಳಗೆ ಸಹಿ ಹಾಕಿದ್ದೀಯೆ. ಇಲ್ಲಿಯವರೆಗೆ ನನಗೆ ಯಂತ್ರದ ಮೇಲೆ ಸಿಟ್ಟಿತ್ತು. ಈಗ ಸಿಟ್ಟೂ ಇಲ್ಲ. ಅಂಗಡಿಯಲ್ಲಿ ಅವಧಿ ಮುಗಿದ ಔಷಧಿಯನ್ನು ಕಪಾಟಿನಿಂದ ತೆಗೆಯುವಾಗ ಯಾರಾದರೂ ಸಿಟ್ಟು ಮಾಡಿಕೊಳ್ಳುತ್ತಾರೆಯೇ?

ಹಣ್ಣು ಚೆನ್ನಾಗಿತ್ತು. ಅಡುಗೆಯಾಕೆಯ ಮಕ್ಕಳು ತಿಂದರು.

ನೀನು "ಮಾಹಿತಿ ಸಂಗ್ರಹಿಸುತ್ತಿದ್ದ" ಹೊತ್ತಿನಲ್ಲಿ ನಾವೂ ಸುಮ್ಮನಿರಲಿಲ್ಲ. ಸೋಮವಾರ ಅತ್ತೆಯನ್ನು ಅಂಗಡಿಗೆ ಕರೆತಂದು ಕೌಂಟರಿನ ಹಿಂದಿನ ಕುರ್ಚಿಯಲ್ಲಿ ಕೂರಿಸಿದೆ. ಅವಳು ಫೋನು ಹತ್ತಿರ ಎಳೆದುಕೊಂಡು ನಿನ್ನ ಇಲಾಖೆಯ ನಿವಾಸಗಳಿಗೆ ಒಂದೊಂದಾಗಿ ಫೋನು ಮಾಡತೊಡಗಿದಳು. ಕಣ್ಣು ಕಾಣದ ಹೆಂಗಸು ಹೊಸದಾಗಿ ಬಂದಿದ್ದಾರಾ ಎಂದರೆ ಎಲ್ಲ ಕಡೆಯೂ ಒಂದೇ ಉತ್ತರ, ಹೊಸದಾಗಿ ಯಾರೂ ಬಂದಿಲ್ಲ. ಬರಲು ಆದೇಶ ಬೇಕಲ್ಲ! ನಿನ್ನ ಭಾವ ಗಿರಾಕಿಗಳನ್ನು ನೋಡಿಕೊಂಡರು, ನಾನು ನಂಬರು ಹುಡುಕಿಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಯಾವುದೋ ಊರಿನ ಕಚೇರಿಯಲ್ಲಿ ಫೋನು ಬಹಳ ಹೊತ್ತು ಹೊಡೆದುಕೊಂಡಿತು. ಇನ್ನೇನು ಇಡಬೇಕು ಎನ್ನುವಾಗ ಆ ಕಡೆಯಿಂದ ಯಾರೋ ಎತ್ತಿ, ಗಂಟಲು ಸರಿಮಾಡಿಕೊಂಡು, ಕೇಳಿದರು: "ಯಾವ ನಂಬರು ಬೇಕು?"

ಅತ್ತೆ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ, "ಬೇರೆಯವರ ಫೋನು ಯಾಕೆ ಎತ್ತುತ್ತೀಯೇ, ಮೂರ್ಖಳೇ" ಎಂದು ಬೈದಳು. ಆ ಕಡೆಯಿಂದ ಅಳು ಕೇಳಿಸಿತು. ಈ ಕಡೆಯೂ.

ಎಕ್ಸ್‌ಚೇಂಜಮ್ಮ ಅಲ್ಲಿ ಯಾರೊಡನೆಯೂ ಮಾತಾಡಿರಲಿಲ್ಲವಂತೆ. ಕಚೇರಿಯ ಫೋನು ಯಾರೂ ಎತ್ತದೆ ಹೊಡೆದುಕೊಳ್ಳುವುದನ್ನು ಸಹಿಸಲಾಗದೆ, ಗೋಡೆ ಸವರಿಕೊಂಡು ಶಬ್ದದ ಕಡೆ ಹೋದರಂತೆ, ಅಷ್ಟೇ. ನಿನ್ನೆ ನಾನೂ ನಿನ್ನ ಭಾವನೂ ಹೋಗಿ ಕರೆತಂದೆವು. ಹಣೆಯ ಮೇಲೆ ಊದಿಕೊಂಡು ನೀಲಿಗಟ್ಟಿದೆ, ಮೊಣಕೈ ತರಚಿದೆ. ಆ ಮನೆಯ ಬಾಗಿಲುಗಳು ಅವರಿಗೆ ಗೊತ್ತಿರಲಿಲ್ಲ. ಔಷಧಿ ಹಚ್ಚಿದ್ದೇನೆ. ಅಲ್ಲಿಯ ಅಧಿಕಾರಿ ಮೊದಲು, ಹಾಗೆಲ್ಲ ಕಳಿಸಲು ಬರುವುದಿಲ್ಲ ಎಂದ. ಇವರು ಇಲ್ಲಿಗೆ ಬಂದದ್ದಕ್ಕೆ ಕಾಗದ ತೋರಿಸಿ ಎಂದೆ. ಅವನ ಹತ್ತಿರ ಇರಲಿಲ್ಲ. "ಹಾಗಾದ್ರೆ ಇವರು ಇಲ್ಲಿ ಇಲ್ಲ. ಇಲ್ಲದವರನ್ನ ಕರಕೊಂಡು ಹೋಗೋಕೆ ನಿಮ್ಮ ಅಪ್ಪಣೆ ಯಾಕ್ರೀ?" ಎಂದು ನಿನ್ನ ಭಾವ ಕೇಳಿದರು. ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಮದುವೆಯಾದ ಮೇಲೆ ಕೇಳಿದ್ದು ಕಡಿಮೆ. ನಿನ್ನ ಇಲಾಖೆಯ ಭಾಷೆ ಎಷ್ಟು ಬೇಗ ಕಲಿಯಬಹುದು ನೋಡು.

ಉಳಿದ ಏಳು ಜನರಲ್ಲಿ ಇಬ್ಬರು ಸಿಕ್ಕಿದ್ದಾರೆ. ಐವರು ಸಿಕ್ಕಿಲ್ಲ. ಅತ್ತೆ ನಾಳೆಯೂ ಫೋನಿನ ಮುಂದೆ ಕೂರುತ್ತಾಳೆ. ಆದರೆ ಐದು ಜನ ಮುದುಕಿಯರನ್ನು ಔಷಧಿ ಅಂಗಡಿಯ ಫೋನಿನಿಂದ ಹುಡುಕಿ ಮುಗಿಸಲು ಸಾಧ್ಯವಿಲ್ಲ, ಹುಡುಕಿದರೂ ಇಡುವುದೆಲ್ಲಿ? ಅದು ನಿನ್ನ ಕೆಲಸ. ನೀನು ಸದನದಲ್ಲಿ ಎದ್ದು ನಿಲ್ಲದೆ ಅದು ಆಗುವುದಿಲ್ಲ. ದಯವಿಟ್ಟು ನಿಲ್ಲು ಎಂದು ನಾನು ಇನ್ನು ಕೇಳುವುದಿಲ್ಲ. ಕೇಳಿ ಪಡೆಯುವುದು ಒಂದು ರೀತಿ, ನಿನಗೆ ಅರ್ಥವಾಗುವುದು ಇನ್ನೊಂದು.

ಅಕ್ಕ

ಮತ್ತೆ: ಅತ್ತೆ ತರಬೇತಿ ಕೇಂದ್ರಕ್ಕೆ ವಾಪಸ್ ಹೋಗಿಲ್ಲ. ನಿನ್ನೆ ರಾತ್ರಿ ಇಬ್ಬರೂ ಅಂಗಡಿಯಲ್ಲೇ ಮಲಗಿದರು. ನನ್ನ ಮನೆಯ ಮೆಟ್ಟಿಲು ಎಕ್ಸ್‌ಚೇಂಜಮ್ಮನಿಂದ ಹತ್ತಲಾಗುವುದಿಲ್ಲವೆಂದು ಮೊದಲೇ ಬರೆದಿದ್ದೆ. ಮೆಟ್ಟಿಲಿಲ್ಲದ ಮನೆ ನಮ್ಮ ಬಳಗದಲ್ಲಿ ಒಂದೇ ಒಂದು ಇದೆ. ಇಂದು ಬೆಳಗ್ಗೆ ನೀನು ಸದನಕ್ಕೆ ಹೊರಟ ಮೇಲೆ ಇಬ್ಬರನ್ನೂ ನಿನ್ನ ಸರ್ಕಾರಿ ಬಂಗಲೆಗೆ ಕರೆತಂದೆ. ನಿನ್ನ ಹೆಂಡತಿ ಹಿತ್ತಲಿನ ಹಳೆಯ ಕಟ್ಟಡದ ಬೀಗ ತೆಗೆದು, ತಾನೇ ಹಾಸಿಗೆ ಹಾಸಿದಳು. "ಇವರಿಗೆ ಹೇಳಬೇಡಿ ಅತ್ತಿಗೆ, ತಾವಾಗಿ ನೋಡಲಿ" ಎಂದಳು. ನಾನು ಹೇಳಿಬಿಟ್ಟೆ, ಅವಳ ಕ್ಷಮೆ ಕೇಳುತ್ತೇನೆ.

ಕೆಮ್ಮಿನ ಸದಸ್ಯರು ಇಂದು ಮಧ್ಯಾಹ್ನ ಇನ್ನೊಂದು ಪ್ರಶ್ನೆ ಬರೆದುಕೊಟ್ಟಿದ್ದಾರೆ. ಪತ್ರಿಕೆಯಲ್ಲಿ ಬರುತ್ತದೆ ಎಂದು ನಾನು ಭರವಸೆ ಕೊಟ್ಟೊಡನೆ ಅವರ ಕೆಮ್ಮು ನಿಂತಿತು. (ಅ) ಇಲಾಖೆಯ ನಿವಾಸದಲ್ಲಿದ್ದ ಯಾರಾದರೂ ಈಗ ಸಚಿವರ ಬಂಗಲೆಯ ಹಿತ್ತಲಿನ ಕಟ್ಟಡದಲ್ಲಿ ವಾಸವಾಗಿರುವುದು ನಿಜವೇ. (ಆ) ಹಾಗಿದ್ದಲ್ಲಿ, ಅವರು ಮೊದಲು ಎಲ್ಲಿದ್ದರು, ಅಲ್ಲಿಂದ ಅವರನ್ನು ತೆಗೆದವರು ಯಾರು. (ಇ) ಅವರ ಜೊತೆಗಿದ್ದ ಉಳಿದವರು ಎಲ್ಲಿದ್ದಾರೆ?

ಅಭ್ಯಾಸಬಲದಿಂದ "ಯಾರೂ ಇಲ್ಲ" ಎಂದು ಬರೆದೆಯೋ, ಅದನ್ನು ನಿಜ ಮಾಡಲು ನಿನ್ನದೇ ವ್ಯಾನು ನಿನ್ನದೇ ಗೇಟಿಗೆ ಬರಬೇಕಾಗುತ್ತದೆ, ಮತ್ತು ಪತ್ರಿಕೆಯವರು ಆ ಹೊತ್ತಿಗೆ ಅಲ್ಲೇ ಇರುತ್ತಾರೆ. ಆದ್ದರಿಂದ ಈ ಸಲ ಯಾರಿಗೂ ಫೋನು ಮಾಡಿಸಬೇಡ. ಈ ಕಾಗದ ನಿನ್ನ ಭಾವನ ಕೈಲಿ ಈಗಲೇ ನಿನ್ನ ಕಚೇರಿಗೆ ಬರುತ್ತದೆ. ರಾತ್ರಿ ಮನೆಗೆ ಬಂದಾಗ ಕಾರು ಇಳಿದು, ಮುಂಬಾಗಿಲಿಗೆ ಹೋಗದೆ, ಹಿತ್ತಲಿಗೆ ನಡೆ. ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ನೀನೇ ನೋಡು. ನೋಡಿ ಉತ್ತರ ಬರೆ.